ಬಟ್ಟೆಯನ್ನು ಬಿಸಿಲಿಗೆ ತನ್ನಿ
(ಮಹಿಳೆಯರ ಹೊಲಿಗೆ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಶಾಲೆಗೆ ಹೋಗುವ ಹುಡುಗಿಯರಿಗಾಗಿ, ಒಗೆದು ಮತ್ತೆ ಬಳಸಬಹುದಾದ ಮುಟ್ಟಿನ ಪ್ಯಾಡುಗಳ ಹೊಲಿಗೆ ಕಲಿಯಲು ನಾವು ಇಲ್ಲಿ ಸೇರಿದ್ದೇವೆ. ಪಕ್ಷದ ವೇದಿಕೆಯಲ್ಲಿ ಈ ಮಾತೇಕೆ ಎನ್ನುವವರಿದ್ದಾರೆ. ಹೆಂಗಸರಿಗೆ ಪಾಯಿಖಾನೆಯಿಲ್ಲದಿರುವುದು ರಾಜಕೀಯದ ಪ್ರಶ್ನೆಯೆಂದು ಡಾ. ಲೋಹಿಯಾ ಒತ್ತಿ ಹೇಳುತ್ತಿದ್ದರು. ಮುಟ್ಟಾದಳೆಂದು ಹುಡುಗಿ ಪಾಠ ಬಿಟ್ಟು ಮನೆಯಲ್ಲಿ ಕೂರುವುದೂ ಅಂಥದೇ ಪ್ರಶ್ನೆ.

ನಮ್ಮ ತಾಯಂದಿರು ಬಳಸಿದ್ದು ಹಳೆಯ ಸೀರೆಯ ತುಂಡನ್ನೇ. ಬಟ್ಟೆ ಕೆಟ್ಟದ್ದೆಂದು ಈಗ ಹೇಳುವುದುಂಟು. ಕೆಟ್ಟದ್ದು ಬಟ್ಟೆಯಲ್ಲ, ಅದನ್ನು ಬಚ್ಚಿಡಬೇಕಾದ ಸ್ಥಿತಿ. ಮೈಲಿಗೆಯ ಅಂಜಿಕೆಯಿಂದ ಕತ್ತಲ ಮೂಲೆಯಲ್ಲಿ ಒಣಹಾಕಿದ ತುಂಡು ಮುಗ್ಗಲು ಹಿಡಿಯುತ್ತದೆ. ತುರಿಕೆ, ಸೋಂಕು ತರುತ್ತದೆ.

ಹೊಲಿಗೆ ಕಷ್ಟದ್ದಲ್ಲ. ಹತ್ತಿಬಟ್ಟೆಯನ್ನು ಕತ್ತರಿಸುವ ಮುನ್ನ ಒಮ್ಮೆ ಒಗೆದು ಒಣಗಿಸಿ. ಇಲ್ಲವಾದರೆ ಹೊಲಿದ ಮೇಲೆ ಕುಗ್ಗುತ್ತದೆ. ಮೈಗೆ ತಾಗುವ ಪದರ ಮೆತ್ತನೆಯ ಹತ್ತಿಯದು; ನಡುವೆ ಹೀರಿಕೊಳ್ಳುವ ಫ್ಲಾನೆಲ್; ಕೆಳಗೆ ತೇವ ಸೋರದ ಬಟ್ಟೆ; ಎರಡು ಬದಿಯ ರೆಕ್ಕೆಗಳಿಗೆ ಟಿಚ್ ಬಟನ್. ಬಹಳ ದಪ್ಪ ಬೇಡ, ಬೇಗ ಒಣಗದು. ಬಳಸಿದ್ದನ್ನು ಮೊದಲು ತಣ್ಣೀರಿನಲ್ಲಿ ನೆನೆಹಾಕಬೇಕು. ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ. ಆಮೇಲೆ ಸಾಬೂನು, ಆಮೇಲೆ ಬಿಸಿಲು. ಜೋಪಾನ ಮಾಡಿದರೆ ಎರಡು ವರ್ಷ ಬಾಳುತ್ತದೆ.

2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಕುಂಕುಮಕ್ಕೆ, ಬಳೆಗೆ ತೆರಿಗೆಯಿರಲಿಲ್ಲ. ಪ್ಯಾಡಿಗೆ ಮಾತ್ರ ಶೇ. 12 ಹಾಕಿದರು. ಹೆಂಗಸರು ದನಿಯೆತ್ತಿದ ಮೇಲೆ 2018ರ ಜುಲೈಯಲ್ಲಿ ಅದನ್ನು ತೆಗೆಯಬೇಕಾಯಿತು. ನಮ್ಮ ರಾಜ್ಯದಲ್ಲಿ 2013-14ರಲ್ಲಿ ಹುಡುಗಿಯರಿಗೆ ಉಚಿತ ಪ್ಯಾಡು ಕೊಡುವ ‘ಶುಚಿ’ ಯೋಜನೆ ಆರಂಭವಾಯಿತು. ನಡುವೆ ಕೆಲವು ವರ್ಷ ಹಂಚಿಕೆಯೇ ನಿಂತುಹೋಯಿತು. ಟೆಂಡರು ನಿಂತರೆ ಮುಟ್ಟು ನಿಲ್ಲುವುದಿಲ್ಲ! ಮನೆಯಲ್ಲಿ ಒಗೆದಿಟ್ಟ ಪ್ಯಾಡುಗಳಿರುವ ಹುಡುಗಿ ಯಾವ ಟೆಂಡರಿಗೂ ಕಾಯಬೇಕಾಗಿಲ್ಲ.

ಹಾಗೆಂದು ಸರಕಾರದ ಹೊಣೆಯನ್ನು ನಮ್ಮ ಹೊಲಿಗೆಯಂತ್ರದ ಮೇಲೆ ಹೇರಲು ಬಿಡಕೂಡದು. ನೀರಿಲ್ಲದ, ಚಿಲಕವಿಲ್ಲದ ಶಾಲೆಯ ಪಾಯಿಖಾನೆಯಲ್ಲಿ ಎಂಥ ಪ್ಯಾಡೂ ವ್ಯರ್ಥ. ಕುಡಿಯುವ ನೀರಿಗೇ ಬವಣೆಪಡುವ ಊರಿನಲ್ಲಿ ಒಗೆಯಲು ನೀರೆಲ್ಲಿ? ಅಲ್ಲಿಯ ಹುಡುಗಿ ಒಮ್ಮೆ ಬಳಸಿ ಎಸೆಯುವ ಪ್ಯಾಡು ಕೇಳಿದರೆ ಅದನ್ನೇ ಉಚಿತವಾಗಿ ಕೊಡಬೇಕು. ಆಯ್ಕೆ ಅವಳದು. ಸೇವೆಯ ಹೆಸರಿನಲ್ಲಿ ಹೊಲಿಯುವವಳನ್ನು ಪುಕ್ಕಟೆ ದುಡಿಸಿಕೊಳ್ಳುವುದೂ ಅನ್ಯಾಯ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಪ್ರತಿ ಶಾಲೆಯಲ್ಲಿ ಹುಡುಗಿಯರಿಗೆ ನೀರು, ಚಿಲಕ ಇರುವ ಪಾಯಿಖಾನೆ ಇರಲಿ. ಬಟ್ಟೆಯ ಪ್ಯಾಡುಗಳನ್ನು ಸರಕಾರ ಹೆಂಗಸರ ಸಂಘಗಳಿಂದಲೇ ಕೊಳ್ಳಲಿ. ಹೊಲಿದವಳಿಗೆ ನ್ಯಾಯವಾದ ಕೂಲಿ ಸಿಗಲಿ.

ಇವನ್ನು ಹೋರಾಡಿ ಪಡೆಯೋಣ. ಒಂದು ಕೆಲಸಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ. ನಾಳೆ ಬೆಳಿಗ್ಗೆ ನಮ್ಮ ಮನೆಯ ಹಗ್ಗದ ಮೇಲೆ, ಗಂಡಸರ ಪಂಚೆ ಅಂಗಿಗಳ ಸಾಲಿನಲ್ಲೇ, ಈ ಬಟ್ಟೆಯೂ ಒಣಗಲಿ.