ಸೀಟು ಭಿಕ್ಷೆಯಲ್ಲ, ನಮ್ಮ ಪಾಲು

(ಬೈಲಹೊಂಗಲದಲ್ಲಿ ನಡೆದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ಬಿ.ಎ. ಓದಿದವರು. ಕವಿತೆ ಬರೆಯುವವರು. ನಮ್ಮನ್ನ ಕರೆದು ಇಂಜಿನಿಯರಿಂಗ್ ಕಾಲೇಜಿನ ಬಗ್ಗೆ ಮಾತಾಡ್ರಿ ಅಂದ್ರ ನಿಮಗ ನಗು ಬರಬಹುದು. ಆದರೆ ನಾವ್ಯಾಕ ಬಿ.ಎ. ಓದಿದಿವಿ? ಕವಿತೆಯ ಮೇಲಿನ ಪ್ರೀತಿಯಿಂದ ಅಂದರೆ ಅದು ಅರ್ಧ ಸುಳ್ಳು. ಎಸ್.ಎಸ್.ಎಲ್.ಸಿ. ಪಾಸಾದಾಗ ವಿಜ್ಞಾನ ಅಂದ್ರೇನು, ಸಿಇಟಿ ಅಂದ್ರೇನು ಎಂದು ಹೇಳುವವರು ನಮ್ಮ ಕೇರಿಯಲ್ಲಿ ಒಬ್ಬರೂ ಇರಲಿಲ್ಲ. ಗೌಡರ ಮನೆಯ ಹುಡುಗನಿಗೆ ಹೇಳಲು ಅವನ ಮಾಮ ಇದ್ದ, ಕಾಕಾ ಇದ್ದ. ನಮಗ ಯಾರಿದ್ದರು? ಅದಕ್ಕೇ ಇವತ್ತು ನಾವು ತಿಳಿದಷ್ಟು ಹೇಳಾಕ ಬಂದೀವಿ.

ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ನೀವೆಲ್ಲ ನೋಡೀರಿ. ಮಲಪ್ರಭೆಯನ್ನು ಕಟ್ಟಿ ನಿಲ್ಲಿಸಿದ ಗೋಡೆ ಅದು. ಅಂಥ ಗೋಡೆಗೆ ಕಲ್ಲು ಹೊರುವವರು ಯಾರು? ನಕ್ಷೆ ಬರೆಯುವವರು ಯಾರು? 2019ರಲ್ಲಿ ಅದೇ ಹೊಳೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿತು. ನೀರು ಯಾವಾಗ ಬಿಡಬೇಕು, ಊರು ಎಲ್ಲಿ ಕಟ್ಟಬೇಕು ಎಂದು ಲೆಕ್ಕ ಹಾಕುವ ಕುರ್ಚಿಯಲ್ಲಿ ನಮ್ಮವರೂ ಇರಬೇಕಲ್ಲ? ಇಂಜಿನಿಯರಿಂಗ್ ಸೀಟು ಅಂದರೆ ಬರೀ ಪಗಾರದ ಮಾತಲ್ಲ.

‘ಇವರಿಗೆ ಸೀಟು ಪುಕ್ಕಟೆ ಸಿಗ್ತದ’ ಅಂತ ಕ್ಲಾಸಿನಲ್ಲಿ ನಿಮಗ ಅಂತಾರ. ಚರಿತ್ರೆ ಕೇಳ್ರಿ. ಮದ್ರಾಸಿನಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜಿನ ಸೀಟುಗಳನ್ನು ಸಮುದಾಯವಾರು ಹಂಚುವ ಸರ್ಕಾರಿ ಆದೇಶವನ್ನು 1951ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಅದು ಚಂಪಕಂ ದೊರೈರಾಜನ್ ಪ್ರಕರಣ. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿಯಾಗಿ 15(4)ನೇ ವಿಧಿ ಬಂತು. ಆಗ ಕಾನೂನು ಮಂತ್ರಿಗಳು ಬಾಬಾಸಾಹೇಬರು. 1962ರಲ್ಲಿ ಮೈಸೂರು ರಾಜ್ಯ, ಅಂದರೆ ನಮ್ಮ ರಾಜ್ಯವೇ, ಇಂಜಿನಿಯರಿಂಗ್ ಮತ್ತು ವೈದ್ಯಕೀಯದಲ್ಲಿ ಶೇ. 68 ಸೀಟು ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಅದೂ ಬಿದ್ದಿತು. ಆ 68ರಲ್ಲಿ ಪರಿಶಿಷ್ಟ ಜಾತಿಯ ಪಾಲು 15, ಪಂಗಡದ ಪಾಲು 3. ಅದನ್ನು 17 ಮತ್ತು 7ಕ್ಕೆ ಏರಿಸುವ ಕಾಯ್ದೆ ಬರಲು 2022ರ ತನಕ ಕಾಯಬೇಕಾಯಿತು. 60 ವರ್ಷ! ಪುಕ್ಕಟೆ ಸಿಕ್ಕಿದ್ದು ಯಾವುದು?

ಆದರೆ ಕಾಯ್ದೆಯಲ್ಲಿ ಇದ್ದದ್ದು ಕೈಗೆ ಬರಬೇಕಾದರೆ ಕಾಗದ ಬೇಕು. ನಮ್ಮವರು ಪರೀಕ್ಷೆಯಲ್ಲಿ ಸೋತದ್ದಕ್ಕಿಂತ ಕಾಗದದಲ್ಲಿ ಸೋತದ್ದನ್ನೇ ನಾವು ಹೆಚ್ಚು ಕಂಡೀವಿ.

ರಾಮದುರ್ಗದ ಕಡೆಯ ಒಬ್ಬ ಗೆಳೆಯ ನಮ್ಮ ಜೊತೆ ಹಾಸ್ಟೆಲಿನಲ್ಲಿದ್ದ. ಗಣಿತದಲ್ಲಿ ಹುಲಿ. ಒಂದರಿಂದ ಹತ್ತರ ತನಕ ಹಳ್ಳಿಯ ಕನ್ನಡ ಶಾಲೆ. ಗ್ರಾಮೀಣ ಮೀಸಲು ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಐತಿ. ಎರಡೂ ಅವನವೇ. ‘ಜಾತಿ ಸರ್ಟಿಫಿಕೇಟು ಒಂದಿದ್ರ ಸಾಕು’ ಅಂತ ಅರ್ಜಿಯಲ್ಲಿ ಎರಡನ್ನೂ ಕೇಳದೆ ಬಿಟ್ಟ. ಬೇಕಾದ ಕಾಲೇಜು ತಪ್ಪಿತು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಏಜೆಂಟನೊಬ್ಬ ‘ನಾ ಸೀಟು ಕೊಡಸ್ತೀನಿ’ ಅಂದ. ಅಪ್ಪ ಎತ್ತು ಮಾರಿದ. ಎರಡನೇ ವರ್ಷದ ಫೀಜಿಗೆ ಮಾರಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಅವನು ಈಗ ಒಂದು ಗೋದಾಮಿನಲ್ಲಿ ಚೀಲ ಎಣಿಸುತ್ತಾನೆ. ಅವನಿಗೆ ಆಗ ನಾವೂ ಏನೂ ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ಆ ನೋವು ನಮಗ ಇನ್ನೂ ಐತಿ.

ಅದಕ್ಕೆ ಕೇಳ್ರಿ. ರ್‍ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯಲ್ಲಿ ಈ ವಿಷಯಗಳಲ್ಲಿ ನಮಗ ಶೇ. 40 ಬೇಕೇ ಬೇಕು. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯೂದಿಲ್ಲ. ಒಂದನ್ನೂ ಖಾಲಿ ಬಿಡಬ್ಯಾಡ್ರಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರ ನಾಡಕಚೇರಿಯಲ್ಲಿ ಈಗಲೇ ಮಾಡಿಸ್ರಿ. ಅದರ ಆರ್.ಡಿ. ನಂಬರು, ನಿಮ್ಮ ಹೆಸರಿನ ಅಕ್ಷರ ಮಾರ್ಕ್ಸ್ ಕಾರ್ಡಿಗೆ ತಾಳೆ ನೋಡ್ರಿ. ಆದಾಯ 2.5 ಲಕ್ಷದೊಳಗಿದ್ದರೆ ಮೆಟ್ರಿಕೋತ್ತರ ವಿದ್ಯಾರ್ಥಿವೇತನ ಐತಿ, ಅದಕ್ಕೆ ಎಸ್.ಎಸ್.ಪಿ.ಯಲ್ಲಿ ಬೇರೆ ಅರ್ಜಿ ಹಾಕಬೇಕು.

ಸವದತ್ತಿ ಕಡೆಯ ತಂಗಿಯೊಬ್ಬಳು ಅರ್ಜಿ ತುಂಬುತ್ತಾ ‘ತಂದೆಯ ಹೆಸರು’ ಅನ್ನುವಲ್ಲಿ ಪೆನ್ನು ನಿಲ್ಲಿಸಿ ಅತ್ತಳು. ತಾಯಿಯನ್ನು ಗುಡ್ಡಕ್ಕೆ ಬಿಟ್ಟಿದ್ದರು. ಆ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದೆ, ಆದರೆ ಆ ಕಾಲಂ ಇನ್ನೂ ಕುಟುಕುತ್ತದೆ. ಅಂಥ ತಂಗಿಯನ್ನು ಒಬ್ಬಳನ್ನೇ ಕಚೇರಿಗೆ ಕಳಿಸಬ್ಯಾಡ್ರಿ. ನಾಲ್ಕು ಮಂದಿ ಜೊತೆ ಹೋಗ್ರಿ. ತಲೆ ತಗ್ಗಿಸಬೇಕಾದವಳು ಅವಳಲ್ಲ.

ಇನ್ನು ಕಾಲೇಜು ಆರಿಸೂದು. ಗೇಟು, ಗಾಜಿನ ಕಟ್ಟಡ ನೋಡಿ ಮರುಳಾಗಬ್ಯಾಡ್ರಿ. ಎಐಸಿಟಿಇ ಮಂಜೂರಾತಿ ಐತೋ? ನಿಮ್ಮ ಬ್ರಾಂಚಿಗೆ ಎನ್.ಬಿ.ಎ. ಮಾನ್ಯತೆ ಐತೋ? ಹತ್ತಿರ ಸಮಾಜ ಕಲ್ಯಾಣ ಹಾಸ್ಟೆಲ್ ಐತೋ? ಅಲ್ಲಿ ಓದುತ್ತಿರುವ ನಮ್ಮ ಹುಡುಗರನ್ನೇ ಕೇಳ್ರಿ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಬಾಗಲಕೋಟೆ ನಮಗ ಸಮೀಪ. ಹಾವೇರಿ, ಕಾರವಾರ, ರಾಯಚೂರಿನಲ್ಲಿ ಸರ್ಕಾರಿ ಕಾಲೇಜು ಅದಾವು. ಬೆಂಗಳೂರಿನ ಯುವಿಸಿಇ 1917ರದು. ಅದು ದೊಡ್ಡವರ ಕಾಲೇಜು, ನಮಗಲ್ಲ ಅಂತ ನೀವೇ ಹಿಂದೆ ಸರಿಯಬ್ಯಾಡ್ರಿ.

ಪರೀಕ್ಷಾ ಪ್ರಾಧಿಕಾರ ಹಿಂದಿನ ವರ್ಷದ ಕಟಾಫ್ ಪ್ರಕಟಿಸ್ತದ. ಅದರಲ್ಲಿ ಎಸ್‌ಸಿಜಿ, ಎಸ್‌ಸಿಆರ್, ಎಸ್‌ಸಿಕೆ ಅಂತ ಮೂರು ಸಾಲು ಇರ್ತಾವು: ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮ. ನಿಮ್ಮ ಸಾಲು ಓದ್ರಿ. ಆಪ್ಷನ್ ಪಟ್ಟಿಯಲ್ಲಿ ಹೆಚ್ಚು ಬೇಕಾದದ್ದನ್ನು ಮೇಲೆ ಬರೀರಿ, ಸಿಗಬಹುದಾದದ್ದನ್ನಲ್ಲ. ಕಂಪ್ಯೂಟರು ಮೇಲಿನಿಂದ ಕೆಳಗೆ ನೋಡ್ತದ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಧಕ್ಕೆ ಇಲ್ಲ. ಪಟ್ಟಿ ಉದ್ದ ಇರಲಿ. ಸೀಟು ಬಂದ ಮೇಲೆ ನಾಲ್ಕು ಛಾಯ್ಸ್ ಕೊಡ್ತಾರ. ಅವನ್ನು ಆ ವರ್ಷದ ಕೈಪಿಡಿಯಲ್ಲಿ ಎರಡು ಸಲ ಓದಿ ಒತ್ತಿರಿ. ನಾಲ್ಕನೆಯದು ಹೊರಗೆ ಹೋಗುವ ಬಾಗಿಲು. ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಹೋಗಬಹುದು.

ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮರುವರ್ಷವೇ ಸೋಲಾಪುರದಲ್ಲಿ ಹಾಸ್ಟೆಲ್ ತೆಗೆದರು. ಊರಿನ ಜಗುಲಿ ನಮಗ ಸಿಗದಿದ್ದಾಗ ನಮ್ಮ ಹುಡುಗರು ಒಂದೇ ಸೂರಿನಡಿ ಕೂತು ಓದಲಿ ಎಂದು. ಗೌಡರ ಹುಡುಗನಿಗೆ ಮಾಮ, ಕಾಕಾ ಇದ್ದ ಹಾಗೆ ನಮಗ ಹಾಸ್ಟೆಲ್ ಇರಬೇಕು. ಈ ವರ್ಷ ಸೀಟು ಪಡೆದವರು ಬರುವ ವರ್ಷ ಜೂನ್ ತಿಂಗಳಲ್ಲಿ ಇಲ್ಲಿಗೆ ಬಂದು ಒಂದು ದಿನ ಕೂಡ್ರಿ. ಅರ್ಜಿ ತುಂಬಿಸ್ರಿ. ಕಿತ್ತೂರಿನವನಾಗಲಿ ರಾಮದುರ್ಗದವಳಾಗಲಿ, ಹೇಳುವವರಿಲ್ಲದೆ ಸೀಟು ಕಳಕೊಂಡೆ ಎಂದು ಇನ್ನು ಯಾರೂ ಹೇಳಬಾರದು.

ಜೈ ಭೀಮ್.