ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಕಾಡಿನ ಮಕ್ಕಳು
(ಮಾಸ್ತಿಯ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ಉದ್ದೇಶಿಸಿದ ಉಪನ್ಯಾಸದ ಪಾಠ)



2008ರ ಸೆಪ್ಟೆಂಬರ್ 19ರಂದು ಕೆನಡಾ ದೇಶದ ವಿನಿಪೆಗ್ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಬ್ರಯಾನ್ ಸಿಂಕ್ಲೇರ್ ಎಂಬ ಮೂಲನಿವಾಸಿ ಬಂದರು. ವಯಸ್ಸು 45. ಎರಡು ಕಾಲುಗಳನ್ನೂ ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದವರು. ಮೂತ್ರನಳಿಕೆ ಕಟ್ಟಿಕೊಂಡಿದೆಯೆಂದು ಚಿಕಿತ್ಸಾಲಯದ ವೈದ್ಯರು ಬರೆದುಕೊಟ್ಟ ಪತ್ರವೂ ಅವರ ಬಳಿ ಇತ್ತು. ತುರ್ತು ಕೊಠಡಿಯಲ್ಲಿ ಅವರು 34 ಗಂಟೆಗಳ ಕಾಲ ಕುಳಿತೇ ಇದ್ದರು. ಕುಳಿತಲ್ಲಿಯೇ ಪ್ರಾಣ ಹೋಯಿತು. ವಾಂತಿ ಮಾಡಿಕೊಂಡದ್ದನ್ನು ಕಂಡವರಿದ್ದರು. ಕುಡಿದಿರಬೇಕು, ಇಲ್ಲವೇ ಮನೆಯಿಲ್ಲದೆ ಬೆಚ್ಚಗೆ ಕೂರಲು ಬಂದಿರಬೇಕು ಎಂದು ಸಿಬ್ಬಂದಿ ಊಹಿಸಿಕೊಂಡರು. ಅದು ಗುಣಪಡಿಸಬಹುದಾಗಿದ್ದ ಸೋಂಕು.

ಅಲ್ಲಿ ಯಾರೂ ಅವರನ್ನು ಹೊರಗೆ ತಳ್ಳಲಿಲ್ಲ, ಚಿಕಿತ್ಸೆಯಿಲ್ಲವೆಂದು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಮುಖ ನೋಡಿದೊಡನೆ ಮನಸ್ಸಿನಲ್ಲಿ ತಾನಾಗಿ ಏಳುವ ತೀರ್ಮಾನವೇ ಅವ್ಯಕ್ತ ಪೂರ್ವಗ್ರಹ. ಅದನ್ನು ಹೊತ್ತವರಿಗೇ ಅದರ ಅರಿವಿರುವುದಿಲ್ಲ. 2020ರಲ್ಲಿ ಅದೇ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಜಾಯ್ಸ್ ಎಷಾಕ್ವಾನ್ ಎಂಬ ಏಳು ಮಕ್ಕಳ ತಾಯಿ, ಆಸ್ಪತ್ರೆಯ ಮಂಚದ ಮೇಲಿಂದಲೇ ಸಿಬ್ಬಂದಿಯ ನಿಂದನೆಯ ಮಾತುಗಳನ್ನು ಮೊಬೈಲಿನಲ್ಲಿ ಜಗತ್ತಿಗೆ ಕೇಳಿಸಿದ ಬಳಿಕ ತೀರಿಕೊಂಡರು. ಜನಾಂಗೀಯ ಪೂರ್ವಗ್ರಹವೂ ಆ ಸಾವಿಗೆ ಕಾರಣವಾಯಿತೆಂದು ಮರಣ ವಿಚಾರಣಾಧಿಕಾರಿಯ ವರದಿ 2021ರಲ್ಲಿ ಹೇಳಿತು.

ಇದು ದೂರದ ದೇಶದ ಸಂಗತಿಯೆಂದು ಸುಮ್ಮನಿರುವಂತಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆ ಎಂಬ ವಂಶಪಾರಂಪರ್ಯ ಕಾಯಿಲೆಯುಂಟು. ನೀಲಗಿರಿಯ ಬುಡಕಟ್ಟುಗಳ ರಕ್ತದಲ್ಲಿ ಇದರ ಲಕ್ಷಣ ಕಂಡುಬಂದದ್ದು 1952ರಷ್ಟು ಹಿಂದೆಯೇ. ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಮೂಳೆ, ಎದೆ, ಹೊಟ್ಟೆಗಳಲ್ಲಿ ಸಹಿಸಲಾಗದ ನೋವು. ಹೊರಗೆ ಗಾಯವಿಲ್ಲ, ಊತವಿಲ್ಲ, ರಕ್ತವಿಲ್ಲ. ರೋಗಿ ಹೊರಳಾಡುತ್ತಾನೆ, ಮಾತು ತೊದಲುತ್ತದೆ, ಹೆಜ್ಜೆ ನಿಲ್ಲುವುದಿಲ್ಲ. ಹರಿದ ಅಂಗಿಯ, ಕಾಡಿನ ನುಡಿಯ ಒಬ್ಬಾತ ಈ ಸ್ಥಿತಿಯಲ್ಲಿ ರಾತ್ರಿ ಹತ್ತು ಗಂಟೆಗೆ ಬಂದರೆ "ಕುಡಿದು ಬಂದಿದ್ದಾನೆ" ಎನ್ನುವುದು ಎಷ್ಟು ಸುಲಭ! ಅವನಿಗೆ ಬೇಕಾದದ್ದು ಕೂಡಲೇ ನೋವು ಶಮನ, ದೇಹಕ್ಕೆ ದ್ರವ, ಆಮ್ಲಜನಕದ ಮಟ್ಟದ ಪರೀಕ್ಷೆ, ಜ್ವರವಿದ್ದರೆ ಸೋಂಕಿನ ಹುಡುಕಾಟ. ಎದೆನೋವಿನೊಡನೆ ಉಸಿರಾಟ ಕಷ್ಟವಾದರೆ ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಅಪಾಯ.

ಇನ್ನೊಂದು ನಂಬಿಕೆಯೂ ಉಂಟು: "ಕಾಡಿನವರು ಗಟ್ಟಿ, ನೋವು ತಡೆಯುತ್ತಾರೆ." ಹೊಗಳಿಕೆಯ ವೇಷದಲ್ಲಿರುವುದರಿಂದ ಇದು ಬೈಗುಳಕ್ಕಿಂತ ಅಪಾಯಕಾರಿ. ಕರಿಯರ ಚರ್ಮ ದಪ್ಪವೆಂಬಂತಹ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದವರು ಅಮೆರಿಕದ ಬಿಳಿಯ ವೈದ್ಯ ವಿದ್ಯಾರ್ಥಿಗಳು ಹಾಗೂ ಕಿರಿಯ ವೈದ್ಯರಲ್ಲಿ ಅರ್ಧದಷ್ಟಿದ್ದರೆಂದು 2016ರ ಅಧ್ಯಯನವೊಂದು ತೋರಿಸಿತು. ಹಾಗೆ ನಂಬಿದವರು ಕರಿಯ ರೋಗಿಯ ನೋವನ್ನು ಕಡಿಮೆಯೆಂದು ಅಂದಾಜಿಸಿದರು. ವಿದ್ಯೆಯಿದ್ದ ಮಾತ್ರಕ್ಕೆ ಪೂರ್ವಗ್ರಹ ಕಳೆಯುವುದಿಲ್ಲ.

"ಕೊನೆಗಳಿಗೆಯಲ್ಲಿ ಬರುತ್ತಾರೆ, ಅಜ್ಞಾನ" ಎಂಬ ದೂರು ಎಲ್ಲರಿಗೂ ಪರಿಚಿತ. ಪೋಡಿನಿಂದ ರಸ್ತೆಯವರೆಗೆ ರೋಗಿಯನ್ನು ಹೊತ್ತು ತರಬೇಕು, ದಾರಿಯಲ್ಲಿ ಆನೆ, ಒಂದು ದಿನದ ಕೂಲಿ ಹೋದರೆ ಒಲೆ ಉರಿಯದು. 1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾದ ಬಳಿಕ ಪೋಡುಗಳನ್ನು ಎತ್ತಂಗಡಿ ಮಾಡಲಾಯಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕಿಗೂ ಮಾನ್ಯತೆ ದೊರೆಯಿತು. ಆಸ್ಪತ್ರೆಯಲ್ಲಿ ತಡವಾಗಿ ಬಂದವರೆನಿಸಿಕೊಳ್ಳುವವರ ಹಿಂದೆ ಇಷ್ಟು ಚರಿತ್ರೆಯಿದೆ.

ಬೇರೆ ದಾರಿಯೂ ಇದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಆ ಬೆಟ್ಟದಲ್ಲಿಯೇ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಜನರ ನಡುವೆ ನೆಲೆಸಿದ ವೈದ್ಯರಿಗೆ ರೋಗಿಯ ಮನೆತನ, ನುಡಿ, ಹಳೆಯ ಕಾಯಿಲೆ ಎಲ್ಲವೂ ತಿಳಿದಿರುತ್ತದೆ. ಬಯಲಿನ ದೊಡ್ಡ ಆಸ್ಪತ್ರೆಯ ರಾತ್ರಿ ಪಾಳಿಯವರಿಗೆ ಆ ಅನುಕೂಲವಿಲ್ಲ; ಆದುದರಿಂದ ಅಲ್ಲಿ ನಿಯಮ ಬೇಕು. ಯಾರನ್ನು ಮೊದಲು ನೋಡಬೇಕೆಂಬುದು ನಾಡಿ, ರಕ್ತದೊತ್ತಡ, ಉಸಿರು, ಆಮ್ಲಜನಕಗಳ ಅಳತೆಯಿಂದ ನಿರ್ಧಾರವಾಗಬೇಕು, ಉಡುಪಿನಿಂದಲ್ಲ. ಕುಡಿದವನೆಂದು ತೋರಿದರೂ ಈ ಅಳತೆಗಳನ್ನು ಬಿಡುವಂತಿಲ್ಲ. ಕುಡಿದವನಿಗೂ ಕಾಯಿಲೆ ಬರುತ್ತದೆ.

ಕಾನೂನು ಮೌನವಾಗಿಲ್ಲ. ಜೀವಾಪಾಯದಲ್ಲಿರುವವರನ್ನು ಉಳಿಸುವುದು ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು. ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ನೀಡದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆಯೆಂದು 1996ರಲ್ಲಿ ತೀರ್ಪಿತ್ತಿತು. ಆದರೆ ಕಾನೂನು ಹಿಡಿಯುವುದು ಬಾಯಿಬಿಟ್ಟು ಹೇಳಿದ ನಿರಾಕರಣೆಯನ್ನು. "ಸ್ವಲ್ಪ ಕೂತಿರಿ" ಎಂಬ ಮಾತನ್ನು ಹಿಡಿಯುವುದು ಕಷ್ಟ.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ತಪಾಸಣೆಯ ಚೀಟಿ ದೊರೆತವರು ಅದನ್ನು ಪಡಿತರ ಚೀಟಿಯೊಡನೆ ಭದ್ರವಾಗಿಡಲಿ. ಆಸ್ಪತ್ರೆಗೆ ಹೋದಾಗ ಮೊದಲು ಅದನ್ನೇ ಮುಂದೊಡ್ಡಲಿ. ಓದು ಬಲ್ಲ ವಿದ್ಯಾರ್ಥಿಯೊಬ್ಬ ಜೊತೆಗೆ ಹೋಗಿ, ಬಂದ ವೇಳೆಯನ್ನು ಹೊರರೋಗಿ ಚೀಟಿಯ ಮೇಲೆ ಬರೆಯಿಸಲಿ.