ಮನೋವೈಜ್ಞಾನಿಕ ಪರೀಕ್ಷೆಗಳು: ಭಯ ಬೇಡ, ತಿಳಿವಳಿಕೆ ಇರಲಿ



"ಮಗುವನ್ನು ಒಮ್ಮೆ ಮನಶ್ಶಾಸ್ತ್ರಜ್ಞರಿಗೆ ತೋರಿಸಿ" ಎಂದರೆ ಸಾಕು, "ನಮ್ಮ ಮಗುವಿಗೇನು ಹುಚ್ಚೇ?" ಎಂದು ಕೇಳುವವರು ನಮ್ಮಲ್ಲಿ ಬಹಳ. ಅಲ್ಲಿ ನಡೆಯುವ ಪರೀಕ್ಷೆಗಳೇನೆಂದು ತಿಳಿದರೆ ಈ ಭಯ ಅರ್ಧ ಕಡಿಮೆಯಾಗುತ್ತದೆ.

ಮೊದಲನೆಯದು ಬುದ್ಧಿಶಕ್ತಿ ಪರೀಕ್ಷೆ. 1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸೈಮನ್ ಇದನ್ನು ರೂಪಿಸಿದ್ದು, ಯಾವ ಮಕ್ಕಳಿಗೆ ವಿಶೇಷ ಬೋಧನೆ ಬೇಕೆಂದು ಗುರುತಿಸಲು. ದಡ್ಡರೆಂದು ಹಣೆಪಟ್ಟಿ ಹಚ್ಚಲು ಅಲ್ಲ. 1930ರ ದಶಕದಲ್ಲಿ ನಮ್ಮ ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಇದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿದರು.

ಎರಡನೆಯದು ವ್ಯಕ್ತಿತ್ವ ಪರೀಕ್ಷೆ. ಇದರಲ್ಲಿ ಪ್ರಶ್ನಾವಳಿಗಳಿವೆ, ಪ್ರಕ್ಷೇಪಣ ತಂತ್ರಗಳೂ ಇವೆ. 1921ರಲ್ಲಿ ಪ್ರಕಟವಾದ ರೋರ್ಷಾಕ್ ಪರೀಕ್ಷೆಯಲ್ಲಿ 10 ಶಾಯಿ ಕಲೆಗಳ ಚಿತ್ರಗಳನ್ನು ತೋರಿಸಿ, ಏನು ಕಾಣುತ್ತದೆ ಎಂದು ಕೇಳುತ್ತಾರೆ.

ಮೂರನೆಯದು ಲಕ್ಷಣಗಳನ್ನು ಅಳೆಯುವ ಮಾಪನ. ಖಿನ್ನತೆಗೆ ಬಳಸುವ ಪಿಎಚ್‌ಕ್ಯೂ-9ರಲ್ಲಿ ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆಗಳಿವೆ. ಒಟ್ಟು ಅಂಕ 27. ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕು ಎಂದಷ್ಟೇ ಅರ್ಥ, ಅದೇ ತೀರ್ಪಲ್ಲ.

ನಾಲ್ಕನೆಯದು ಓದು, ಬರಹ, ಲೆಕ್ಕ, ಗಮನ, ನೆನಪುಗಳ ಪರೀಕ್ಷೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಪ್ರಮಾಣಪತ್ರ ಪಡೆದ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ಸೌಲಭ್ಯ ಸಿಗುತ್ತದೆ.

ಈಗ ನಮಗೆ ಅತಿ ಮುಖ್ಯವಾದ ಮಾತು. ಮನೆಯಲ್ಲಿ ಉರ್ದು ಮಾತ್ರ ಆಡುವ ಮಗುವಿಗೆ ಕನ್ನಡ ಅಥವಾ ಇಂಗ್ಲಿಷ್ ಪದಗಳ ಅರ್ಥ ಕೇಳಿದರೆ, ಅಳೆದದ್ದು ಭಾಷೆಯನ್ನೇ ಹೊರತು ಬುದ್ಧಿಯನ್ನಲ್ಲ. ದೊಡ್ಡವರಿಗೂ ಇದು ಅನ್ವಯಿಸುತ್ತದೆ. "ದಿಲ್ ಘಬ್ರಾತಾ ಹೈ" ಎಂದ ತಾಯಿಯ ಮಾತನ್ನು ಬರೀ "ಎದೆ ನೋವು" ಎಂದು ಅನುವಾದಿಸಿದರೆ ಅವರ ಆತಂಕ ಯಾರಿಗೂ ಕಾಣದೇ ಹೋಗುತ್ತದೆ.

ಆದ್ದರಿಂದ ಪರೀಕ್ಷೆಗೆ ಮೊದಲೇ ಮನೆಮಾತು ಯಾವುದೆಂದು ತಿಳಿಸಿ. ಮಗುವಿಗೆ ಮಾತಿಲ್ಲದೆ ಆಕೃತಿಗಳಿಂದಲೇ ನಡೆಸುವ ರೇವನ್ ಪರೀಕ್ಷೆಯಂಥವು ಸಾಧ್ಯವೇ ಎಂದು ಕೇಳಿ. ಕಣ್ಣು, ಕಿವಿಗಳ ತಪಾಸಣೆ ಮೊದಲು ಆಗಲಿ. ತರಬೇತಿ ಪಡೆದ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಂದಲೇ ಪರೀಕ್ಷೆ ಮಾಡಿಸಿ, ಫಲಿತಾಂಶ ಕೈಗೆ ಬಂದಾಗ "ಮುಂದೇನು ಮಾಡಬೇಕು?" ಎಂದು ಕೇಳಿ ತಿಳಿಯಿರಿ.

ವಿದ್ಯಾರ್ಥಿಗಳೇ, ಮನಸ್ಸು ಭಾರವಾದರೆ ಮುಚ್ಚಿಡಬೇಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಜ್ವರ ಬಂದಾಗ ಥರ್ಮಾಮೀಟರ್ ಇಟ್ಟುಕೊಳ್ಳಲು ನಾವು ನಾಚುವುದಿಲ್ಲ, ಇದಕ್ಕೂ ನಾಚಬೇಕಾಗಿಲ್ಲ.

ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯವನ್ನು ಕರುಣಿಸಲಿ. ವಸ್ಸಲಾಂ.